ಯಾವ ಮಿಲ್ಲಿನ ಎಣ್ಣೆ ಸ್ವಾಮಿ ಇದು?

ಆ ವಿಡಿಯೋ ನೀವೂ ನೋಡಿರ್ತೀರಿ. ಸುತ್ತ ಕಡಿದು ಕೆಡವಿದ ಕಾಡು. ಮಧ್ಯದಲ್ಲಿ ಒಂದು ಯಂತ್ರ, ನಮ್ಮ ಕಡೆ ಹಿಟಾಚಿ ಅಂತೀವಲ್ಲ ಅಂಥದ್ದು. ಬಿದ್ದ ಮರದ ಮೇಲೆ ಓಡಿ ಬಂದ ಒಂದು ಒರಾಂಗುಟಾನ್ ಆ ಯಂತ್ರದ ಕಬ್ಬಿಣದ ಕೈಯನ್ನ ತನ್ನ ಕೈಯಿಂದ ತಡೆಯೋಕೆ ನೋಡುತ್ತೆ. ಆಯ ತಪ್ಪಿ ಕೆಳಗೆ ಬೀಳುತ್ತೆ. ಬೋರ್ನಿಯೋ ದ್ವೀಪದ ಪಶ್ಚಿಮ ಕಾಲಿಮಂಟಾನ್ ಪ್ರಾಂತ್ಯದಲ್ಲಿ ಸುಂಗೈ ಪುತ್ರಿ ಅನ್ನೋ ಕಾಡಲ್ಲಿ 2013ರಲ್ಲಿ ತೆಗೆದದ್ದು, 2018ರಲ್ಲಿ ಹೊರಗೆ ಬಿಟ್ಟರು. ಅವತ್ತಿಂದ ವಾಟ್ಸಾಪಲ್ಲಿ ಸುತ್ತುತ್ತಲೇ ಇದೆ. ಮೊನ್ನೆ ನಮ್ಮ ಕಾಲೇಜಿನ ಗುಂಪಿಗೂ ಬಂತು. ಕೆಳಗೆ ಅಳೋ ಮುಖದ ಸ್ಮೈಲಿಗಳ ಸಾಲು. ಒಬ್ಬ 'ಇನ್ಮೇಲೆ ತಾಳೆ ಎಣ್ಣೆ ಮುಟ್ಟಲ್ಲ' ಅಂದ. ಇನ್ನೊಬ್ಬ 'ಈ ಇಂಡೋನೇಷ್ಯಾದವರಿಗೆ ಬುದ್ಧಿ ಇಲ್ಲ' ಅಂದ. ಮೂರನೆಯವನು 'ಲೋ, ಮೊದಲು ನಮ್ಮ ಬಡವರ ಕಥೆ ನೋಡ್ರೋ, ಆಮೇಲೆ ಮಂಗಗಳ ಕಥೆ' ಅಂದ. ಹತ್ತು ನಿಮಿಷದಲ್ಲಿ ಕ್ರಿಕೆಟ್ ಸ್ಕೋರ್ ಬಂತು. ಮುಗೀತು.

ಮೂರಕ್ಕೆ ಮೂರೂ ತಪ್ಪು ಅನ್ನೋದು ನನ್ನ ವಾದ. ಗುಂಪಲ್ಲಿ ಇಷ್ಟುದ್ದ ಟೈಪ್ ಮಾಡಿದ್ರೆ ಯಾರೂ ಓದಲ್ಲ, ಅದಕ್ಕೇ ಇಲ್ಲಿ ಕುಟ್ತಾ ಇದೀನಿ. (ಕಾಫಿ ಏನಾದ್ರೂ ಇದ್ರೆ ತಗೊಂಡು ಬಂದು ಕೂತ್ಕೊಳ್ಳಿ.)

ಮೊದಲಿಗೆ, ಒರಾಂಗುಟಾನ್ ಮಂಗ ಅಲ್ಲ. ಬಾಲ ಇಲ್ಲದ ದೊಡ್ಡ ವಾನರ. ಗೊರಿಲ್ಲ, ಚಿಂಪಾಂಜಿ, ಬೊನೊಬೊ ಮತ್ತು ನಮ್ಮ ನಿಮ್ಮ ಕುಟುಂಬದ್ದು. ಮಲಯ ಭಾಷೆಯಲ್ಲಿ ಒರಾಂಗ್ ಅಂದ್ರೆ ಮನುಷ್ಯ, ಹುತಾನ್ ಅಂದ್ರೆ ಕಾಡು. ಈಗ ಉಳಿದಿರೋದು ಬೋರ್ನಿಯೋ ಮತ್ತು ಸುಮಾತ್ರಾ ಅನ್ನೋ ಎರಡೇ ದ್ವೀಪಗಳಲ್ಲಿ. ದಿನಾ ಸಂಜೆ ಹೊಸದಾಗಿ ಕೊಂಬೆ ಬಗ್ಗಿಸಿ, ಎಲೆ ಹಾಸಿ, ಮರದ ಮೇಲೇ ಹಾಸಿಗೆ ಮಾಡ್ಕೊಂಡು ಮಲಗುತ್ತೆ. ಯಾವ ಮರ ಎಲ್ಲಿದೆ, ಯಾವಾಗ ಹಣ್ಣು ಬಿಡುತ್ತೆ ಅನ್ನೋದನ್ನ ಮರಿ ಅಮ್ಮನ ಜೊತೆ ವರ್ಷಗಟ್ಟಲೆ ತಿರುಗಿ ಕಲಿಯುತ್ತೆ. ಇದೆಲ್ಲ ಡಿಸ್ಕವರಿ ಚಾನೆಲ್‌ನವರು ನನಗಿಂತ ಚೆನ್ನಾಗಿ ತೋರಿಸ್ತಾರೆ. ನೆನಪಿಟ್ಟುಕೊಳ್ಳಬೇಕಾದ ನಂಬರ್ ಒಂದೇ: ಒಂದು ಹೆಣ್ಣು ಹೆರೋದು ಏಳೆಂಟು ವರ್ಷಕ್ಕೆ ಒಂದು ಮರಿ. ಇಡೀ ಆಯುಸ್ಸಲ್ಲಿ ನಾಲ್ಕೋ ಐದೋ. ನಮ್ಮ ಆಫೀಸಿನ ಭಾಷೇಲಿ ಹೇಳೋದಾದ್ರೆ, ಡಿಲೀಟ್ ಮಾಡೋಕೆ ಒಂದು ಸೆಕೆಂಡ್, ರೀಸ್ಟೋರ್ ಆಗೋಕೆ ಎಂಟು ವರ್ಷ. 'ಎಲ್ಲಾದ್ರೂ ಹೋಗಿ ಮತ್ತೆ ಹೆಚ್ಕೊಳ್ತವೆ ಬಿಡಿ' ಅನ್ನೋ ಸಮಾಧಾನ ಇಲ್ಲಿ ನಡೆಯಲ್ಲ.

1999ರಿಂದ 2015ರ ತನಕದ 16 ವರ್ಷಗಳಲ್ಲಿ ಬೋರ್ನಿಯೋದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್‌ಗಳು ಇಲ್ಲವಾದವು ಅಂತ 2018ರಲ್ಲಿ 'ಕರೆಂಟ್ ಬಯಾಲಜಿ' ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಅದರಲ್ಲಿ ಫಾರ್ವರ್ಡ್ ವೀರರು ಯಾವಾಗಲೂ ಬಿಟ್ಟುಬಿಡೋ ಒಂದು ವಿಷಯ ಇದೆ. ಶೇಕಡಾ ಲೆಕ್ಕದಲ್ಲಿ ಇಳಿಕೆ ಜಾಸ್ತಿ ಇದ್ದದ್ದು ಕಾಡು ಪೂರ್ತಿ ಕಡಿದು ತೋಟ ಮಾಡಿದ ಕಡೆ. ಅದು ಸಹಜ. ಆದರೆ ತಲೆ ಎಣಿಸಿದರೆ ಹೆಚ್ಚು ಪ್ರಾಣಿಗಳು ಹೋಗಿದ್ದು ಇನ್ನೂ ಮರ ಉಳಿದಿರೋ ಕಾಡುಗಳಲ್ಲೇ. ಮರ ಇದೆ, ಪ್ರಾಣಿ ಇಲ್ಲ. ಅಂದ್ರೆ? ಕೊಂದಿದಾರೆ. ಮಾಂಸಕ್ಕೆ, ಮರಿ ಹಿಡಿದು ಮಾರೋಕೆ, ಬೆಳೆಗೆ ಬಂತು ಅಂತ ಸಿಟ್ಟಿಗೆ.

ಇದು ಮರ ಕಡಿಯೋದಕ್ಕೆ ಸಂಬಂಧ ಇಲ್ಲದ ಬೇರೆ ಕಥೆ ಅಂದ್ಕೋಬೇಡಿ. ಕಾಡಿಗೆ ದಾರಿ ಆಗೋದು ಲಾರಿಗೆ ಅಂತ. ದಾರಿ ಆದ ಮೇಲೆ ಕೋವಿ ಹಿಡಿದವರೂ ಬರ್ತಾರೆ. ಕಾಡು ತುಂಡುತುಂಡಾದಾಗ ಹಸಿದ ಪ್ರಾಣಿ ಎಳೇ ತಾಳೆ ಗಿಡದ ಸುಳಿ ಕಿತ್ತು ತಿನ್ನುತ್ತೆ. ಆಮೇಲೆ ಅದು 'ಬೆಳೆ ಹಾಳು ಮಾಡೋ ಪ್ರಾಣಿ'. 2018ರ ಫೆಬ್ರವರಿಯಲ್ಲಿ ಪೂರ್ವ ಕಾಲಿಮಂಟಾನಲ್ಲಿ ಸತ್ತ ಒಂದು ಒರಾಂಗುಟಾನ್ ಮೈಯಲ್ಲಿ 130 ಏರ್‌ಗನ್ ಗುಂಡುಗಳಿದ್ದವು. 2019ರ ಮಾರ್ಚಲ್ಲಿ ಸುಮಾತ್ರಾದ ಅಚೆ ಪ್ರಾಂತ್ಯದಲ್ಲಿ ಸಿಕ್ಕಿದ ಒಂದು ತಾಯಿಯ ಮೈಯಲ್ಲಿ 74. ಎರಡೂ ಕಣ್ಣು ಹೋಗಿತ್ತು. ತಿಂಗಳ ಮರಿ ಆಸ್ಪತ್ರೆಗೆ ಸಾಗಿಸೋ ದಾರಿಯಲ್ಲೇ ಸತ್ತಿತು. ಆ ತಾಯಿಗೆ ಇಟ್ಟ ಹೆಸರು 'ಹೋಪ್', ಅಂದ್ರೆ ಭರವಸೆ. ಹೆಸರಿಡೋದ್ರಲ್ಲಿ ಮನುಷ್ಯರನ್ನ ಮೀರಿಸೋರಿಲ್ಲ.

ಇನ್ನು ತಳ್ಳುಗಾಡಿಯಲ್ಲಿ ಸಾಲಾಗಿ ಕೂತ ಮರಿಗಳ ಫೋಟೋ ನೋಡಿ 'ಸೋ ಕ್ಯೂಟ್' ಅಂತೀರಲ್ಲ, ಪುನರ್ವಸತಿ ಕೇಂದ್ರದವು... ಒರಾಂಗುಟಾನ್ ತಾಯಿ ತನ್ನ ಮರಿಯನ್ನ ಬಿಟ್ಟುಹೋಗೋ ಜಾತಿ ಅಲ್ಲ. ಆ ಫೋಟೋದಲ್ಲಿ ಎಷ್ಟು ಮರಿ ಇವೆಯೋ, ಹೆಚ್ಚೂ ಕಮ್ಮಿ ಅಷ್ಟು ತಾಯಂದಿರನ್ನ ಕೊಂದಾಗಿದೆ. ಕೇಂದ್ರ ನಡೆಸೋರ ಬಗ್ಗೆ ನನಗೆ ಗೌರವ ಇದೆ. ಬಿರುಟೆ ಗಾಲ್ಡಿಕಾಸ್ 1971ರಲ್ಲಿ ತಂಜುಂಗ್ ಪುಟಿಂಗ್ ಕಾಡಿಗೆ ಹೋಗಿ ಅಲ್ಲೇ ನಿಂತು ಮಾಡಿದ ಕೆಲಸ ಸಣ್ಣದಲ್ಲ. ಆದರೆ ಅನಾಥಾಶ್ರಮ ತುಂಬ್ತಾ ಇದೆ ಅನ್ನೋದು ಖುಷಿ ಪಡೋ ಸುದ್ದಿ ಅಲ್ಲ ಮಾರಾಯ್ರೆ.

ಸುಮಾತ್ರಾದ ಇನ್ನೊಂದು ಸಂಗತಿ ಕೇಳಿ. 2017ರ ತನಕ ಒರಾಂಗುಟಾನ್‌ಗಳಲ್ಲಿ ಎರಡೇ ಪ್ರಭೇದ ಅಂದ್ಕೊಂಡಿದ್ದರು. ಆ ವರ್ಷ ನವೆಂಬರಲ್ಲಿ ಮೂರನೆಯದನ್ನ ಗುರುತಿಸಿದರು: ತಪಾನುಲಿ ಒರಾಂಗುಟಾನ್. ಗುರುತಿಸಿದ್ದು ಹೇಗೆ? 2013ರಲ್ಲಿ ಜನರ ಕೈಲಿ ಏಟು ತಿಂದು ಸತ್ತ ರಾಯಾ ಅನ್ನೋ ಗಂಡಿನ ತಲೆಬುರುಡೆಯನ್ನ ಉಳಿದವುಗಳ ಜೊತೆ ಹೋಲಿಸಿ, ಜೊತೆಗೆ ಜೀನುಗಳನ್ನ ಓದಿ. ನಮ್ಮ ಹತ್ತಿರದ ನೆಂಟ ಒಬ್ಬ ಇದ್ದಾನೆ ಅಂತ ನಮಗೆ ಗೊತ್ತಾಗಿದ್ದೇ ಅವನ ಹೆಣದಿಂದ. ಇರೋದು 800ಕ್ಕಿಂತ ಕಡಿಮೆ, ಇಡೀ ಪ್ರಪಂಚದಲ್ಲಿ ಬಾತಾಂಗ್ ತೊರು ಅನ್ನೋ ಒಂದೇ ಗುಡ್ಡಗಾಡಲ್ಲಿ. ನಮ್ಮ ಟೆಕ್ ಪಾರ್ಕಿನ ಒಂದು ಕಟ್ಟಡದಲ್ಲಿ ಮಧ್ಯಾಹ್ನ ಊಟಕ್ಕೆ ಸಾಲು ನಿಲ್ಲೋರು ಇದಕ್ಕಿಂತ ಜಾಸ್ತಿ. ಅಂಥಾ ಜಾಗದಲ್ಲಿ 510 ಮೆಗಾವ್ಯಾಟಿನ ಜಲವಿದ್ಯುತ್ ಯೋಜನೆ, ಪಕ್ಕದಲ್ಲೇ ಚಿನ್ನದ ಗಣಿ. ಮೇಲಿಂದ 2025ರ ನವೆಂಬರ್ ಕೊನೆಯಲ್ಲಿ ಸುಮಾತ್ರಾಕ್ಕೆ ಬಂದ ಚಂಡಮಾರುತದ ಮಳೆಗೆ ಬೆಟ್ಟಗಳೇ ಕುಸಿದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಪ್ರವಾಹದ ಜೊತೆ ಮರದ ದಿಮ್ಮಿಗಳು ರಾಶಿ ರಾಶಿ ಊರೊಳಗೆ ಬಂದವು. ಬಾತಾಂಗ್ ತೊರುವಿನ ಕಾಡಲ್ಲೂ ಇಳಿಜಾರುಗಳು ಜಾರಿ ಹೋದವು. 800ರಲ್ಲಿ ಹತ್ತಿಪ್ಪತ್ತು ಹೋದರೂ ಅದು ಎಷ್ಟು ದೊಡ್ಡ ಪೆಟ್ಟು ಅನ್ನೋದಕ್ಕೆ ಮೇಲಿನ ಏಳೆಂಟು ವರ್ಷದ ನಂಬರ್ ಮತ್ತೊಮ್ಮೆ ನೋಡಿ. 'ಬಡವರಾ, ಪ್ರಾಣಿಗಳಾ' ಅಂತ ಕೇಳೋ ಗೆಳೆಯನಿಗೆ ಒಂದು ಮಾತು: ಆ ಗುಡ್ಡದ ಕೆಳಗೆ ಮಣ್ಣಲ್ಲಿ ಹೂತು ಹೋದವರೂ ಬಡವರೇ.

ಸರಿ, ಈಗ ಎಣ್ಣೆ.

ಇದು ನಮ್ಮ ತಾಟಿನಿಂಗಿನ ತಾಳೆ ಅಲ್ಲ. ಪಶ್ಚಿಮ ಆಫ್ರಿಕಾದ ಮರ. 1848ರಲ್ಲಿ ಡಚ್ಚರು ನಾಲ್ಕು ಸಸಿ ತಂದು ಜಾವಾದ ಬೊಗೊರ್ ಉದ್ಯಾನದಲ್ಲಿ ಚಂದಕ್ಕೆ ನೆಟ್ಟರು. ಇವತ್ತು ಪ್ರಪಂಚದ ತಾಳೆ ಎಣ್ಣೆಯಲ್ಲಿ ಸುಮಾರು 85 ಪರ್ಸೆಂಟ್ ಬರೋದು ಇಂಡೋನೇಷ್ಯಾ ಮತ್ತು ಮಲೇಷ್ಯಾದಿಂದ. ಕಾರಣ ಸಿಂಪಲ್. ಒಂದು ಹೆಕ್ಟೇರಿಗೆ ವರ್ಷಕ್ಕೆ ಮೂರೂವರೆ ಟನ್ ಆಸುಪಾಸು ಎಣ್ಣೆ ಕೊಡುತ್ತೆ. ಸೋಯಾ ಅರ್ಧ ಟನ್ನೂ ಕೊಡಲ್ಲ. 'ಮುಟ್ಟಲ್ಲ' ಅನ್ನೋ ಗೆಳೆಯ ಇಲ್ಲೇ ಎಡವೋದು. ತಾಳೆ ಬಿಟ್ಟು ಎಲ್ಲರೂ ಬೇರೆ ಎಣ್ಣೆಗೆ ಹೋದರೆ ಅಷ್ಟೇ ಎಣ್ಣೆಗೆ ಒಂಬತ್ತು ಪಟ್ಟು ತನಕ ಜಾಸ್ತಿ ಭೂಮಿ ಬೇಕಾಗಬಹುದು ಅಂತ ಐಯುಸಿಎನ್ 2018ರಲ್ಲಿ ಹೇಳಿತು. ಗಮನಿಸಿ, ಒರಾಂಗುಟಾನ್‌ನ ಮೂರೂ ಪ್ರಭೇದಗಳನ್ನ 'ತೀವ್ರ ಅಪಾಯದಲ್ಲಿದೆ' ಅಂತ ಕೆಂಪು ಪಟ್ಟಿಗೆ ಹಾಕಿದ ಸಂಸ್ಥೆಯೇ ಈ ಮಾತು ಹೇಳಿದ್ದು. ಸೋಯಾ ಅಂದ್ರೆ ಬ್ರೆಜಿಲ್. ಅಲ್ಲೇನು ಕಾಡಿಲ್ವಾ? ಒಂದು ಕಡೆ ಬಗ್ ಫಿಕ್ಸ್ ಮಾಡಿ ಇನ್ನೊಂದು ಮಾಡ್ಯೂಲಲ್ಲಿ ಒಂಬತ್ತು ಬಗ್ ಹಾಕಿದ ಹಾಗೆ.

ತಪ್ಪು ಗಿಡದ್ದಲ್ಲ. ಅದನ್ನ ಎಲ್ಲಿ ನೆಟ್ಟರು ಅನ್ನೋದರಲ್ಲಿದೆ. ಇಂಡೋನೇಷ್ಯಾದಲ್ಲಿ ಆಗಲೇ ಹಾಳಾದ ಬಯಲು ಇಲ್ಲ ಅಂತಲ್ಲ. ಆದರೆ ಕಾಡಿಗೆ ಲೈಸೆನ್ಸ್ ತಗೊಂಡ್ರೆ ಮೊದಲು ಮರ ಮಾರಿ ದುಡ್ಡು ಮಾಡ್ಕೋಬಹುದು, ಆಮೇಲೆ ತೋಟ. ಜೊತೆಗೆ ಊರಿನವರ ಹತ್ತಿರ ಜಮೀನಿನ ತಕರಾರೂ ಕಮ್ಮಿ. ಒರಾಂಗುಟಾನ್ ಪಹಣಿ ಹಿಡ್ಕೊಂಡು ಕೋರ್ಟಿಗೆ ಬರಲ್ಲವಲ್ಲ.

ಅದರಲ್ಲೂ ಪೀಟ್ ಜೌಗುಕಾಡು. ಎಲೆ, ಬೇರು, ಕಟ್ಟಿಗೆ ಎಲ್ಲ ನೀರಲ್ಲಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂತ ನೆಲ ಇದು. ಕೆಲವು ಕಡೆ ಹತ್ತು ಮೀಟರಿಗಿಂತ ಆಳ. ಒರಾಂಗುಟಾನ್‌ಗಳಿಗೆ ಇಂಥ ಕಾಡು ಬಹಳ ಇಷ್ಟ. ಸುಮಾತ್ರಾದಲ್ಲಿ ಅತಿ ಹೆಚ್ಚು ದಟ್ಟವಾಗಿ ಅವು ಸಿಗೋದು ಸಿಂಗ್ಕಿಲ್ ಕಡೆಯ ಪೀಟ್ ಜೌಗುಗಳಲ್ಲಿ. ಇಲ್ಲಿ ತೋಟ ಮಾಡ್ಬೇಕು ಅಂದ್ರೆ ಮೊದಲು ಕಾಲುವೆ ತೋಡಿ ನೀರು ಹರಿಸಿಬಿಡಬೇಕು. ನೀರು ಹೋದ ಕೂಡಲೇ ನೆಲ ಒಣಗುತ್ತೆ, ಕುಸಿಯುತ್ತೆ, ಬೆಂಕಿ ಬಿದ್ರೆ ನೆಲದ ಒಳಗೇ ವಾರಗಟ್ಟಲೆ ಉರಿಯುತ್ತೆ. ಸೀದಾ ಹೇಳೋದಾದ್ರೆ ಬೆರಣಿ ರಾಶಿಯ ಮೇಲೆ ಊರು ಕಟ್ಟಿದ ಹಾಗೆ. ಇದರ ಅತಿ ದೊಡ್ಡ ಮೂರ್ಖತನ ಮಾಡಿದ್ದು ಸುಹಾರ್ತೋ. 1995ರಲ್ಲಿ, ಮಧ್ಯ ಕಾಲಿಮಂಟಾನಿನ 10 ಲಕ್ಷ ಹೆಕ್ಟೇರ್ ಜೌಗಲ್ಲಿ ಭತ್ತ ಬೆಳೀತೀವಿ ಅಂತ. ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿದರು. ಮರ ಹೋಯ್ತು, ನೀರು ಹೋಯ್ತು, ಭತ್ತ ಬರಲಿಲ್ಲ. 1997ರಲ್ಲಿ ಇಡೀ ಜಾಗ ಹೊತ್ತಿ ಉರೀತು. 1999ರಲ್ಲಿ ಯೋಜನೆ ಮುಚ್ಚಿದರು. ಕಾಲುವೆಗಳು ಹಾಗೇ ಉಳಿದು, ಬೇಸಿಗೆ ಬಂದಾಗಲೆಲ್ಲ ಬೆಂಕಿ. 2015ರ ಬೆಂಕಿಯಿಂದ ಇಂಡೋನೇಷ್ಯಾಕ್ಕೆ ಆದ ನಷ್ಟ 1,600 ಕೋಟಿ ಡಾಲರ್ ಅಂತ ವಿಶ್ವಬ್ಯಾಂಕ್ ಲೆಕ್ಕ ಕೊಟ್ಟಿತು. ಇಷ್ಟಾದ ಮೇಲೂ 2020ರಲ್ಲಿ 'ಫುಡ್ ಎಸ್ಟೇಟ್' ಅನ್ನೋ ಹೊಸ ಹೆಸರಲ್ಲಿ ಅದೇ ಪ್ರದೇಶಕ್ಕೆ ಮತ್ತೆ ಕೈ ಹಾಕಿದರು. ಹಳೇ ಬಗ್, ಹೊಸ ವರ್ಷನ್ ನಂಬರ್.

ಹಾಗಂತ 'ಇಂಡೋನೇಷ್ಯಾದವರಿಗೆ ಬುದ್ಧಿ ಇಲ್ಲ' ಅಂತ ಷರಾ ಬರೆಯೋದು ಸೋಮಾರಿತನ. ಅಚೆಯ ತ್ರಿಪಾ ಜೌಗಿಗೆ ಬೆಂಕಿ ಇಟ್ಟ ಕಲ್ಲಿಸ್ತಾ ಆಲಂ ಅನ್ನೋ ತಾಳೆ ಕಂಪೆನಿಗೆ 2014ರಲ್ಲಿ ಅಲ್ಲಿನ ಕೋರ್ಟೇ 36,600 ಕೋಟಿ ರುಪಿಯಾ ದಂಡ ಹಾಕಿತು (ನಮ್ಮ ರೂಪಾಯಿ ಅಲ್ಲ, ಗಾಬರಿ ಬೇಡ). 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಕೇಸಿಗೆ ಬೆನ್ನೆಲುಬಾಗಿ ನಿಂತವರು ಅಲ್ಲಿನ ಊರಿನವರು, ಅಲ್ಲಿನ ಹೋರಾಟಗಾರರು. 2011ರಲ್ಲಿ ಹಳೇ ಕಾಡು ಮತ್ತು ಪೀಟ್ ನೆಲಕ್ಕೆ ಹೊಸ ಲೈಸೆನ್ಸ್ ಕೊಡಬಾರದು ಅಂತ ತಡೆ ಬಂತು, 2019ರಲ್ಲಿ ಅದನ್ನ ಕಾಯಂ ಮಾಡಿದರು. ತೂತುಗಳಿವೆ, ಒಪ್ಪಿದೆ. ಆದರೂ ಯುರೋಪಿನ ಗಿರಾಕಿಗಳು 'ಕಾಡು ಕಡಿದ ಎಣ್ಣೆ ಬೇಡ' ಅನ್ನೋಕೆ ಶುರು ಮಾಡಿ, 2013ರ ಡಿಸೆಂಬರಲ್ಲಿ ವಿಲ್ಮಾರ್ ಅನ್ನೋ ದೈತ್ಯ ವ್ಯಾಪಾರಿ ಕಂಪೆನಿ 'ಕಾಡು ಕಡಿಯಲ್ಲ, ಪೀಟ್ ಮುಟ್ಟಲ್ಲ' ಅಂತ ಬರೆದು ಕೊಟ್ಟ ಮೇಲೆ, ತಾಳೆಗಾಗಿ ಕಾಡು ಕಡಿಯೋದು ಅಲ್ಲಿ ವರ್ಷದಿಂದ ವರ್ಷಕ್ಕೆ ಇಳೀತು. ಸುಮಾರು ಒಂದು ದಶಕ ಇಳಿದು, 2023ರಲ್ಲಿ ಮತ್ತೆ ಏರಿತು. ಅಷ್ಟು ಹೊತ್ತಿಗೆ ಹೊಸ ತಾಳೆ ಲೈಸೆನ್ಸಿಗೆ 2018ರಲ್ಲಿ ಹಾಕಿದ್ದ ತಡೆ 2021ರಲ್ಲೇ ಮುಗಿದು ಹೋಗಿತ್ತು, ನವೀಕರಿಸಿರಲಿಲ್ಲ. 2024ರ ಕೊನೆಯಲ್ಲಿ ಅಧ್ಯಕ್ಷ ಪ್ರಬೋವೊ, ತಾಳೆನೂ ಮರವೇ ತಾನೇ, ಅದಕ್ಕೂ ಎಲೆ ಇದೆಯಲ್ಲ, ಕಾಡು ನಾಶ ಅಂತ ಹೆದರೋದು ಬೇಡ ಅನ್ನೋ ಅರ್ಥದ ಭಾಷಣ ಬಿಗಿದರು. ಅಕೇಶಿಯಾ ಪ್ಲಾಂಟೇಷನ್ ನೋಡಿ ಬೆಳೆದ ಮಲೆನಾಡಿನ ಬ್ಲಾಗಿಗರಿಗೆ ಇದರ ಮೇಲೆ ಟಿಪ್ಪಣಿ ಬೇಕಾಗಿಲ್ಲ.

ಅಂದ್ರೆ ಗೊತ್ತಾಗಿದ್ದೇನು? ಕೊಳ್ಳೋನು ಕೇಳಿದ್ರೆ ಮಾರೋನು ಬದಲಾಗ್ತಾನೆ. ಕೇಳದ ಇನ್ನೊಬ್ಬ ದೊಡ್ಡ ಗಿರಾಕಿ ಪಕ್ಕದಲ್ಲಿ ನಿಂತಿದ್ರೆ, ಬದಲಾಗೋ ಅಗತ್ಯ ಇಲ್ಲ.

ಆ ಗಿರಾಕಿ ನಾವು.

ಪ್ರಪಂಚದಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡೋ ದೇಶ ಭಾರತ. ವರ್ಷದಿಂದ ವರ್ಷಕ್ಕೆ ಏರಿಳಿತ ಇದೆ, 75 ಲಕ್ಷ ಟನ್ನಿಗೂ ಇಳಿದದ್ದಿದೆ, 98 ಲಕ್ಷದ ಹತ್ತಿರಕ್ಕೂ ಹೋದದ್ದಿದೆ. ಲೆಕ್ಕಕ್ಕೆ 90 ಲಕ್ಷ ಅಂತ ಇಟ್ಕೊಳ್ಳಿ. 140 ಕೋಟಿ ಜನಕ್ಕೆ ಭಾಗಿಸಿ. ತಲೆಗೆ ವರ್ಷಕ್ಕೆ ಸುಮಾರು 6.4 ಕೆ.ಜಿ. ಹೆಕ್ಟೇರಿಗೆ ಮೂರೂವರೆ ಟನ್ ಅಂದ್ರೆ ಆ 6.4 ಕೆ.ಜಿ.ಗೆ ಬೇಕಾದ ನೆಲ 18 ಚದರ ಮೀಟರ್ ಚಿಲ್ಲರೆ. ನಮ್ಮ ಲೆಕ್ಕದಲ್ಲಿ 200 ಚದರ ಅಡಿ. ಮೂರು ಜನರ ಸಂಸಾರಕ್ಕೆ ಒಂದು 20×30 ಸೈಟು. ಆರು ಜನ ಇದ್ರೆ 30×40. ಬೆಂಗಳೂರಲ್ಲಿ ಸೈಟ್ ತಗೊಳ್ಳೋ ಯೋಗ್ಯತೆ ನನಗಿಲ್ಲ, ಆದರೆ ಸಮುದ್ರದಾಚೆ ನನ್ನ ಹೆಸರಲ್ಲೂ ಒಂದು ರೂಮಿನಷ್ಟು ತೋಟ ಇದೆ :-) ಎಲ್ಲ ಸೇರಿಸಿದ್ರೆ 26 ಲಕ್ಷ ಹೆಕ್ಟೇರ್, ಹತ್ತಿರ ಹತ್ತಿರ ಕರ್ನಾಟಕದ ಏಳನೇ ಒಂದು ಭಾಗ. ಇದರಲ್ಲಿ ಎಷ್ಟೋ ಹಳೇ ತೋಟ, ಎಲ್ಲವೂ ಒರಾಂಗುಟಾನ್ ಕಾಡಾಗಿರಲಿಲ್ಲ, ಸರಿ. ಯಾವುದು ಆಗಿತ್ತು, ಯಾವುದು ಆಗಿರಲಿಲ್ಲ? ಅದನ್ನೇ ಯಾರೂ ಕೇಳ್ತಾ ಇಲ್ಲ.

'ನಾವು ಮನೇಲಿ ಸೂರ್ಯಕಾಂತಿ ಎಣ್ಣೆನೇ ಬಳಸೋದು' ಅಂತ ಕಾಮೆಂಟ್ ಬರುತ್ತೆ, ಗೊತ್ತು. ಒಗ್ಗರಣೆಗೆ ಇರಬಹುದು. ಸಂಜೆ ತಿಂದ ಬೋಂಡ? ಬೇಕರಿಯ ಖಾರಾ ಬನ್ನು, ಪಫ್ಸು? ಚಹಾ ಜೊತೆ ಅದ್ದೋ ಬಿಸ್ಕತ್ತು, ಮಿಕ್ಸ್‌ಚರು, ಎರಡು ನಿಮಿಷದ ನೂಡಲ್ಸು, ಐಸ್‌ಕ್ರೀಂ ಅಂದ್ಕೊಂಡು ತಿಂದ ಫ್ರೋಜನ್ ಡೆಸರ್ಟು? ಸ್ನಾನದ ಸೋಪು? ಪ್ಯಾಕೆಟ್ ತಿರುಗಿಸಿ ಓದಿ, ಇರುವೆ ಸೈಜಿನ ಅಕ್ಷರದಲ್ಲಿ 'ಪಾಮೋಲಿನ್' ಅಂತ ಸಿಗುತ್ತೆ. ಪಕ್ಕದಲ್ಲೇ ಹಸಿರು ಚುಕ್ಕೆ. ಶುದ್ಧ ಸಸ್ಯಾಹಾರ.

ಇನ್ನು ಮೂರನೇ ಗೆಳೆಯನ ವಾದ, ಇದಕ್ಕೇ ಜಾಸ್ತಿ ಲೈಕ್ ಬಿದ್ದದ್ದು. ತಾಳೆ ಎಣ್ಣೆ ಬಡವರ ಎಣ್ಣೆ, ಅದರ ಮೇಲೆ ಷರತ್ತು ಹಾಕಿದ್ರೆ ಬೆಲೆ ಏರುತ್ತೆ, ಎಸಿ ರೂಮಲ್ಲಿ ಕೂತೋರಿಗೆ ಒರಾಂಗುಟಾನ್ ಚಿಂತೆ, ಇತ್ಯಾದಿ. ಬಡವರ ಎಣ್ಣೆ ಅನ್ನೋದು ನಿಜ. ರೇಷನ್ ಅಂಗಡಿ ಮುಂದೆ ಪಾಮೋಲಿನ್‌ಗೆ ಸಾಲು ನಿಂತ ನೆನಪು ನಮ್ಮಲ್ಲಿ ಬಹಳ ಮನೆಗಳಿಗಿದೆ. ಆದರೆ ಬೆಲೆ ಏರಿಸೋರು ಯಾರು ನೋಡೋಣ. 2022ರ ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ರಫ್ತನ್ನೇ ನಿಲ್ಲಿಸಿತು, ಮೇ 23ಕ್ಕೆ ಮತ್ತೆ ಬಿಟ್ಟಿತು. ನಮ್ಮ ಮಾರುಕಟ್ಟೆ ತಲೆಕೆಳಗಾಯ್ತು. 2024ರ ಸೆಪ್ಟೆಂಬರಲ್ಲಿ ನಮ್ಮದೇ ಸರ್ಕಾರ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕವನ್ನ ಸೊನ್ನೆಯಿಂದ 20 ಪರ್ಸೆಂಟಿಗೆ ಏರಿಸಿತು, 2025ರ ಮೇ ಕೊನೆಗೆ 10ಕ್ಕೆ ಇಳಿಸಿತು. ಅದು ಎಣ್ಣೆಕಾಳು ಬೆಳೆಯೋ ರೈತನಿಗೋಸ್ಕರ, ತಪ್ಪು ಅಂತ ನಾನು ಹೇಳ್ತಾ ಇಲ್ಲ. ಆದರೆ ರಾತ್ರೋರಾತ್ರಿ 20 ಪರ್ಸೆಂಟ್ ಹಾಕಿದಾಗ ಬಡವರ ನೆನಪಾಗದವರಿಗೆ, 'ಈ ಎಣ್ಣೆ ಎಲ್ಲಿಂದ ಬಂತು ಬರೆದು ಕೊಡಿ' ಅಂದ ಕೂಡಲೇ ಬಡವರು ನೆನಪಾಗ್ತಾರಲ್ಲ, ಅದು ತಮಾಷೆ.

ಇನ್ನೊಂದು ತಮಾಷೆ. 'ಭಾರತ ಹೇಳಿದ್ರೆ ಅವರು ಕೇಳ್ತಾರಾ?' ಅಂತಾರೆ. 2019ರಲ್ಲಿ ಮಲೇಷ್ಯಾದ ಪ್ರಧಾನಿ ಮಹಾತಿರ್ ಕಾಶ್ಮೀರ, ಸಿಎಎ ಬಗ್ಗೆ ಏನೋ ಹೇಳಿದರು. 2020ರ ಜನವರಿಯಲ್ಲಿ ನಾವು ಸಂಸ್ಕರಿಸಿದ ತಾಳೆ ಎಣ್ಣೆಯ ಆಮದನ್ನ 'ನಿರ್ಬಂಧಿತ' ಪಟ್ಟಿಗೆ ಸೇರಿಸಿದ್ವಿ. ಕಾರಣ ಇದೇ ಅಂತ ಅಧಿಕೃತವಾಗಿ ಹೇಳಲಿಲ್ಲ, ಆದರೆ ಎಲ್ಲರಿಗೂ ಅರ್ಥ ಆಯ್ತು. ಮಲೇಷ್ಯಾದಿಂದ ಕೊಳ್ಳೋದು ಧಡಕ್ಕಂತ ಕುಸೀತು. ಒಂದು ಭಾಷಣಕ್ಕೆ ಸಿಟ್ಟು ಬಂದಾಗ ಎಣ್ಣೆಯನ್ನ ಅಸ್ತ್ರ ಮಾಡ್ಕೊಳ್ಳೋಕೆ ನಮಗೆ ಬರುತ್ತೆ ಅಂತಾಯ್ತು.

ಹಾಗಾದ್ರೆ ಏನು ಕೇಳಬೇಕು? ಇಲ್ಲಿ ನನ್ನೊಳಗಿನ ಎಂಜಿನಿಯರ್ ಸ್ವಲ್ಪ ಖುಷಿ ಪಡ್ತಾನೆ, ಯಾಕಂದ್ರೆ ಸಮಸ್ಯೆಯ ಈ ಭಾಗಕ್ಕೆ ಉತ್ತರ ಇದೆ. ತಾಳೆ ಹಣ್ಣಿನ ಗೊನೆ ಕೊಯ್ದ 24ರಿಂದ 48 ಗಂಟೆ ಒಳಗೆ ಮಿಲ್ಲಿಗೆ ಹೋಗಬೇಕು. ತಡ ಆದ್ರೆ ಎಣ್ಣೆ ಕೆಡುತ್ತೆ. ಹಾಗಾಗಿ ಮಿಲ್ಲು ಯಾವಾಗಲೂ ತೋಟದ ಹತ್ತಿರವೇ ಇರಬೇಕು, ಸಾಧಾರಣವಾಗಿ ಐವತ್ತು ಕಿಲೋಮೀಟರ್ ಆಸುಪಾಸಲ್ಲಿ. ಮಿಲ್ಲಿನ ಹೆಸರು ಗೊತ್ತಾದ್ರೆ ಯಾವ ಕಾಡಿನ ಅಂಚು ಅಂತ ಗೊತ್ತಾಯ್ತು. ಪ್ರಪಂಚದಲ್ಲಿ ಇರೋ ತಾಳೆ ಮಿಲ್ಲುಗಳು ಎರಡು ಸಾವಿರದ ಆಸುಪಾಸು, ಅವುಗಳ ಜಾಗದ ಸಮೇತ ಪಟ್ಟಿ ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ. ಕಾಡು ಎಲ್ಲಿ ಎಷ್ಟು ಹೋಯ್ತು ಅನ್ನೋ ಉಪಗ್ರಹದ ನಕ್ಷೆ 2014ರಿಂದ 'ಗ್ಲೋಬಲ್ ಫಾರೆಸ್ಟ್ ವಾಚ್'ನಲ್ಲಿ ಯಾರು ಬೇಕಾದ್ರೂ ನೋಡಬಹುದು. ಎರಡು ಸಾವಿರ ರೋ ಇರೋ ಒಂದು ಟೇಬಲ್ಲು! ನಾವು ದಿನಾ ಕೋಟಿಗಟ್ಟಲೆ ಯುಪಿಐ ವ್ಯವಹಾರವನ್ನ ಪೈಸೆ ಪೈಸೆಗೆ ಟ್ರೇಸ್ ಮಾಡೋ ದೇಶ. ಇದು ಕಷ್ಟ ಅಂದ್ರೆ ನಂಬೋಕೆ ಆಗಲ್ಲ.

ಮಿಲ್ಲಿನ ಹಿಂದೆ ಕಷ್ಟ ಇದೆ, ಅದನ್ನ ಮುಚ್ಚಿಡಬಾರದು. ಇಂಡೋನೇಷ್ಯಾದ ತಾಳೆ ತೋಟಗಳಲ್ಲಿ ಸುಮಾರು 40 ಪರ್ಸೆಂಟ್ ಸಣ್ಣ ರೈತರದ್ದು. ಅವರ ಗೊನೆ ಮಧ್ಯವರ್ತಿಗಳ ಲಾರಿಯಲ್ಲಿ ಬೆರೆತು ಹೋಗುತ್ತೆ. ಸಿಂಗ್ಕಿಲ್ ಅಭಯಾರಣ್ಯದ ಒಳಗೆ ಕದ್ದು ಬೆಳೆದ ಹಣ್ಣೂ ಹೀಗೇ ಮಿಲ್ಲು ಸೇರೋದು. ಕಾಗದಪತ್ರ ಇಲ್ಲದ ಪಾಪದ ರೈತನನ್ನ ಹೊರಗೆ ಹಾಕಿ ದೊಡ್ಡ ಕಂಪೆನಿಗೆ ಸರ್ಟಿಫಿಕೇಟ್ ಕೊಡೋ ಅಪಾಯ ನಿಜವಾಗಿಯೂ ಇದೆ. ಯುರೋಪಿನವರು 2023ರಲ್ಲಿ ಕಾನೂನು ಮಾಡಿದರು, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ತಾಳೆ, ಕಾಫಿ, ಕೋಕೋ ಇತ್ಯಾದಿ ಬರಕೂಡದು ಅಂತ. ಅದನ್ನ ಎರಡು ಸಲ ಮುಂದಕ್ಕೆ ಹಾಕಿದ್ದೂ ಆಯ್ತು. (ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿಯವರಿಗೆ ಈ ತಲೆನೋವು ಚೆನ್ನಾಗಿ ಗೊತ್ತು.) ಅಷ್ಟು ಬಿಗಿ ಕಾನೂನು ನಾಳೆಯೇ ಮಾಡಿ ಅಂತ ನಾನು ಹೇಳ್ತಾ ಇಲ್ಲ. ನಮ್ಮ ಬಂದರಿಗೆ ಬರೋ ಹಡಗಿನ ಎಣ್ಣೆ ಯಾವ ಯಾವ ಮಿಲ್ಲಿಂದ ಬಂತು ಅನ್ನೋ ಪಟ್ಟಿಯನ್ನ ಆಮದು ಮಾಡೋರು ಪ್ರಕಟಿಸಲಿ. ಇಷ್ಟೇ. ಪಟ್ಟಿ ಕೊಟ್ಟ ಎಣ್ಣೆಗೆ ಸುಂಕದಲ್ಲಿ ಒಂದೆರಡು ಪರ್ಸೆಂಟ್ ಕಮ್ಮಿ ಮಾಡಿ, ಬಡವರಿಗೂ ಅಗ್ಗ ಆಗುತ್ತೆ.

ಇದರ ಬದಲು ನಮ್ಮವರು ಹುಡುಕಿದ ದಾರಿ, ನಾವೇ ಬೆಳೆಯೋಣ ಅಂತ. 2021ರಲ್ಲಿ 11,040 ಕೋಟಿ ರೂಪಾಯಿಯ ತಾಳೆ ಮಿಷನ್, ವಿಶೇಷ ಒತ್ತು ಈಶಾನ್ಯ ರಾಜ್ಯಗಳಿಗೆ ಮತ್ತು ಅಂಡಮಾನಿಗೆ. ಭಾರತದಲ್ಲಿ ಬಾಲ ಇಲ್ಲದ ವಾನರ ಅಂತ ಇರೋದು ಹೂಲಾಕ್ ಗಿಬ್ಬನ್, ಅದು ಇರೋದೂ ಈಶಾನ್ಯದಲ್ಲೇ. ಮಿಜೋರಾಮಿನ ದಂಪಾ ಸುತ್ತ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲರೂ ಬೈಯೋ ಝೂಮ್ ಬೇಸಾಯದ ಜಾಗದಲ್ಲೇ ತಾಳೆ ತೋಟಕ್ಕಿಂತ ಹೆಚ್ಚು ಕಾಡುಹಕ್ಕಿಗಳು ಸಿಕ್ಕವು. ನೀರಾವರಿ ಇರೋ ಹೊಲದಲ್ಲಿ ಬೆಳೀತೀವಿ ಅಂದ್ರೆ ಅದು ರೈತರ ಲೆಕ್ಕಾಚಾರ, ನನ್ನ ತಕರಾರಿಲ್ಲ. ಬೋರ್ನಿಯೋದ ತಪ್ಪನ್ನ ಮಿಜೋರಾಮಲ್ಲಿ ಕಾಪಿ ಪೇಸ್ಟ್ ಮಾಡಿ ಸ್ವಾವಲಂಬನೆ ಅನ್ನೋದಾದ್ರೆ ಮಾತ್ರ ಇದೆ.

ಕಳೆದ ತಿಂಗಳು ನಮ್ಮ ರೂಮಿನ ಅಡುಗೆಮನೆಯಲ್ಲಿ ಸಿಕ್ಕಿದ ಐದು ಪ್ಯಾಕೆಟ್ಟುಗಳ ಮೇಲಿದ್ದ ಕಸ್ಟಮರ್ ಕೇರ್ ವಿಳಾಸಗಳಿಗೆ ಮೇಲ್ ಹಾಕಿದೆ. ಎರಡರಿಂದ ಟಿಕೆಟ್ ನಂಬರ್ ಬಂತು, ಆಮೇಲೆ ಸದ್ದಿಲ್ಲ. ಎರಡು ಉತ್ತರವೇ ಇಲ್ಲ. ಒಂದರಿಂದ ಬಹಳ ವಿನಯದ ಉತ್ತರ: ನಮ್ಮ ಉತ್ಪನ್ನ ನೂರಕ್ಕೆ ನೂರು ಸಸ್ಯಾಹಾರಿ, ನಿಶ್ಚಿಂತೆಯಿಂದ ಬಳಸಿ ಅಂತ. ನಾನು ಒಬ್ಬ ಕೇಳಿದ್ರೆ ಹೀಗೇ. ಇದನ್ನ ಓದೋ ಮೂವತ್ತು ನಲವತ್ತು ಜನ (ಸ್ಟ್ಯಾಟ್ ಕೌಂಟರ್ ಸುಳ್ಳು ಹೇಳಲ್ಲ) ಒಂದೊಂದು ಪ್ಯಾಕೆಟ್ ಹಿಡಿದು ಕೇಳಿದ್ರೆ ಕನಿಷ್ಠ ಒಬ್ಬ ಮ್ಯಾನೇಜರನ ಇನ್‌ಬಾಕ್ಸಿಗಾದ್ರೂ ಹೋಗುತ್ತೆ. ಕನ್ನಡದಲ್ಲೇ ಬರೀರಿ, ಬೇಕಾದ್ರೆ ಅನುವಾದ ಮಾಡ್ಕೊಳ್ಳಲಿ. ಪ್ರಶ್ನೆ ಇಲ್ಲಿದೆ:

"ಮಾನ್ಯರೇ, ನಿಮ್ಮ ಈ ಪ್ಯಾಕೆಟ್ಟಲ್ಲಿ ಬಳಸಿದ ತಾಳೆ ಎಣ್ಣೆ ಯಾವ ದೇಶದ ಯಾವ ಮಿಲ್ಲುಗಳಿಂದ ಬಂದದ್ದು? ಮಿಲ್ಲುಗಳ ಪಟ್ಟಿಯನ್ನ ನೀವು ಎಲ್ಲಾದರೂ ಪ್ರಕಟಿಸಿದ್ದೀರಾ? ಇಲ್ಲದಿದ್ದರೆ ಯಾವಾಗ ಪ್ರಕಟಿಸ್ತೀರಿ?"

ಏನು ಉತ್ತರ ಬಂತು ಅಂತ ಕೆಳಗೆ ಕಾಮೆಂಟಲ್ಲಿ ಹಾಕಿ. ಬರೀ ಟಿಕೆಟ್ ನಂಬರ್ ಬಂದ್ರೂ ಹಾಕಿ, ನಾನು ತಿಂಗಳ ಕೊನೆಗೆ ಎಲ್ಲ ಸೇರಿಸಿ ಒಂದು ಪಟ್ಟಿ ಮಾಡ್ತೀನಿ.